ಏಳು ಪುಟದ ಔಷಧ

ನಮ್ಮ ಊರಿನಲ್ಲಿ ಕುಂಬಳಕಾಯಿಯನ್ನು ಕಲ್ಲಿನ ಮೇಲೆ ಕುಕ್ಕಿ ಒಡೆಯುತ್ತೇವೆ. ಸೊಪ್ಪನ್ನು ಕೈಯಿಂದ ಹರಿದು ಹಾಕುತ್ತೇವೆ. ಜೋಳವನ್ನು ಬೇರುಸಹಿತ ಕಿತ್ತು ರಾಶಿ ಮಾಡುತ್ತೇವೆ. ಸುಗ್ಗಿ ಮುಗಿಯುವ ಹೊತ್ತಿಗೆ ಗಂಡಸರು ಹೆಂಗಸರೆನ್ನದೆ ಎಲ್ಲರ ಅಂಗೈ ಸುಲಿದಿರುತ್ತದೆ. ಗಂಡಸರಿಗೆಲ್ಲ ಎದೆಯವರೆಗೆ ಗಡ್ಡ. ಕುಡುಗೋಲು, ಈಳಿಗೆ, ಕ್ಷೌರದ ಕತ್ತಿ, ಸಿಂಪಿಗರ ಕತ್ತರಿ ಎಲ್ಲವೂ ನಾನು ಹುಟ್ಟುವ ಮೊದಲೇ ಕುಲುಮೆಗೆ ಹೋಗಿ ಒಂದೇ ಒಂದು ಖಡ್ಗವಾಗಿವೆ. ಹರಿತವಿರುವುದೆಲ್ಲ ಕುಲುಮೆಗೆ ಒಂದೇ ಜಾತಿ. ಒಂದೇ ಜಾತಿಯ, ಒಂದೇ ಕಸುವಿನ ಎರಡನ್ನು ಬೆಂಕಿಗಿಟ್ಟರೆ ಹೆಚ್ಚಿನ ಕಸುವಿನ ಒಂದು ಹೊರಗೆ ಬರುತ್ತದೆ. ಅದಕ್ಕೆ ನಾವು ಪುಟ ಎನ್ನುತ್ತೇವೆ. ಖಡ್ಗಕ್ಕೆ ಏಳು ಪುಟ ಆಗಿದೆ. ಕವಚಕ್ಕೂ ಏಳು ಆಗಿದೆ. ಅದರೊಳಗೆ ಊರಿನವರ ಚಪ್ಪಲಿ, ಕಂಬಳಿ, ಕೌದಿ, ಎತ್ತಿಗೆ ಹೊದಿಸುವ ಜೂಲು ಎಲ್ಲ ಸೇರಿವೆ. ಚಳಿಗಾಲದಲ್ಲಿ ನಾವು ಒಬ್ಬರಿಗೊಬ್ಬರು ಒತ್ತಿಕೊಂಡು ಮಲಗುತ್ತೇವೆ.

ಊರಿನ ಬಡಗಣ ದಿಕ್ಕಿಗೆ ಎರಡು ಗುಡ್ಡಗಳ ನಡುವೆ ಒಂದು ಕಿಂಡಿ ಇದೆ. ಗಾಳಿ ತಿರುಗುವ ಕಾಲಕ್ಕೆ ಅಲ್ಲಿಂದ ಅದು ಇಳಿದು ಬರುತ್ತದೆ. ಅದಕ್ಕೆ ನಾವು ಹೆಸರಿಟ್ಟಿಲ್ಲ. ಖಡ್ಗ ಹಿಡಿದು, ಕವಚ ತೊಟ್ಟ ಒಬ್ಬರು ಕಿಂಡಿಯ ಬಾಯಿಯಲ್ಲಿ ನಿಂತರೆ ಅದು ಮೂರು ದಿನ ಹೊಡೆದಾಡಿ ಹಿಂದಿರುಗುತ್ತದೆ. ಯಾರೂ ನಿಲ್ಲದಿದ್ದರೆ ಊರೊಳಗೆ ಬರುತ್ತದೆ. ಅದನ್ನು ಕೊಂದವರಿಲ್ಲ. ಕುಲುಮೆಯ ಮೌನೇಶಪ್ಪ ಒಮ್ಮೆ ನನ್ನ ಹತ್ತಿರ, ನಾವು ಒಂದು ಪುಟ ಕೊಟ್ಟರೆ ಅದೂ ಒಂದು ಪುಟ ತೆಗೆದುಕೊಂಡು ಬರುತ್ತದೆ ಎಂದಿದ್ದ. ಚಾವಡಿಯಲ್ಲಿ ಇದನ್ನು ಹೇಳಬಾರದೇ ಎಂದು ಕೇಳಿದೆ. ಹೇಳಿ ಏನು ಮಾಡುವುದು, ನಾವು ನಿಲ್ಲಿಸಿದರೆ ಅದೂ ನಿಲ್ಲಿಸುತ್ತದೆ ಎಂದು ನಂಬುವ ಧೈರ್ಯ ಯಾರಿಗಿದೆ ಎಂದು ತಿದಿ ಒತ್ತತೊಡಗಿದ.

ನನ್ನ ಹೆಸರು ಫಕೀರವ್ವ. ಔಷಧಕ್ಕೆ ಪುಟ ಕೊಡುವ ಕೆಲಸ ನನ್ನದು. ನನಗಿಂತ ಮೊದಲು ನಮ್ಮ ಅವ್ವನದಾಗಿತ್ತು. ಜ್ವರದ ಕಷಾಯ, ಗಾಯದ ಎಣ್ಣೆ, ಬಾಣಂತಿ ಲೇಹ್ಯ ಯಾವುದನ್ನು ಕುದಿಸಿದರೂ ಅದು ಮೊದಲ ಪುಟಕ್ಕೆ ಹೋಗುತ್ತದೆ. ಮೊದಲ ಪುಟದ ಎರಡು ಕುಪ್ಪಿ ಸೇರಿ ಎರಡನೆಯದರ ಒಂದು ಕುಪ್ಪಿ. ಹೀಗೆ ಏರುತ್ತ ಹೋಗಿ, ಅವ್ವನ ಇಡೀ ಜೀವಮಾನದ ಮತ್ತು ನನ್ನ ಮೊದಲ ವರ್ಷಗಳ ಔಷಧವೆಲ್ಲ ಏಳನೆಯ ಪುಟದ ಒಂದು ಕುಪ್ಪಿಯಲ್ಲಿ ಕೂತಿತ್ತು. ಹೆಬ್ಬೆಟ್ಟಿನ ಗಾತ್ರದ್ದು, ಜೇನಿನ ಬಣ್ಣದ್ದು. ಅದನ್ನು ಒಬ್ಬರೇ ಒಂದೇ ಸಲಕ್ಕೆ ಕುಡಿದು ಮುಗಿಸಬೇಕು. ಹಂಚಿದರೆ ಅದು ಬರಿಯ ನೀರು. ಸಾಯುವ ಗಳಿಗೆಯಲ್ಲಿ ಇರುವವರನ್ನೂ ಎಬ್ಬಿಸಿ ನಿಲ್ಲಿಸುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಯಾರೂ ಅದನ್ನು ಕುಡಿದಿರಲಿಲ್ಲ. ಕಿಂಡಿಯಲ್ಲಿ ನಿಂತವರೆಲ್ಲ ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಹೋದರು, ಇದಕ್ಕಿಂತ ಕೆಟ್ಟ ದಿನ ಬರಬಹುದೆಂದು ಉಳಿಸಿಕೊಂಡರು, ಗಾಯ ಕೊಳೆತು ಸತ್ತರು. ಊರಿನವರು ಅವರ ಸೊಂಟದಿಂದ ಕುಪ್ಪಿಯನ್ನು ಬಿಚ್ಚಿ ಮುಂದಿನವರಿಗೆ ಕಟ್ಟಿದರು.

ನಮ್ಮಪ್ಪನಿಗೆ ಹುಟ್ಟಿದವರು ನಾವಿಬ್ಬರೇ, ನಾನು ಮತ್ತು ನನ್ನ ತಮ್ಮ ದ್ಯಾಮಣ್ಣ. ಖಡ್ಗ ಅವನ ಪಾಲಿಗೆ ಬಂದಾಗ ಅವನಿಗೆ ಮದುವೆಯಾಗಿ ಒಂದು ವರ್ಷವೂ ಆಗಿರಲಿಲ್ಲ. ಅವನು ಗಟ್ಟಿ ಆಳು, ಮಾತು ಕಡಿಮೆ. ಹೆಂಡತಿ ಕೆಂಚವ್ವ ಬಾಯಿ ತುಂಬ ಮಾತಾಡುವವಳು. ಕವಚ ತೊಟ್ಟು ಬಂದ ಗಂಡನ ಸುತ್ತ ಒಂದು ಸುತ್ತು ಬಂದು, ನನ್ನ ತವರಿನ ಕೌದಿ ಇದರೊಳಗೆ ಎಲ್ಲಿದೆ ಹುಡುಕಿ ತೋರಿಸಿ ಎಂದು ಅವನನ್ನು ನಗಿಸಿದ್ದಳು. ಅವನು ಎರಡು ಸಲ ಕಿಂಡಿಗೆ ಹೋಗಿ ಬಂದ. ಎರಡನೆಯ ಸಲ ಬಂದಾಗ ಎಡಗೈಯ ಎರಡು ಬೆರಳು ಹೋಗಿದ್ದವು. ಕುಪ್ಪಿ ಸೊಂಟದಲ್ಲೇ ಇತ್ತು. ಅವನು ತಿರುಗಿ ಬಂದನೆಂದು ಕೆಂಚವ್ವ ಎಲ್ಲರ ಮನೆಗೂ ಬೆಲ್ಲ ಹಂಚಿದಳು.

ಮೂರನೆಯ ಸಲ ಗಾಳಿ ತಿರುಗುವ ಸೂಚನೆ ಕಾಣಿಸಿದಾಗ ಕೆಂಚವ್ವನಿಗೆ ದಿನ ತುಂಬಿತ್ತು. ಬೆಳಿಗ್ಗೆ ಶುರುವಾದ ನೋವು ಮಧ್ಯಾಹ್ನದ ಹೊತ್ತಿಗೆ ಮುಗಿದು ಹೆಣ್ಣು ಕೂಸು ಬಂತು. ಕೂಸು ಚೆನ್ನಾಗಿತ್ತು. ಆದರೆ ರಕ್ತ ನಿಲ್ಲಲಿಲ್ಲ. ಅರಿವೆ ಇಟ್ಟೆ, ಹೊಟ್ಟೆ ಒತ್ತಿದೆ, ಕಾಲು ಎತ್ತರಿಸಿ ಮಲಗಿಸಿದೆ. ಇದಕ್ಕೊಂದು ಚೂರ್ಣವಿದೆ, ನಾನೇ ಹಿಂದಿನ ತಿಂಗಳು ಅರೆದದ್ದು. ಅದು ಆಗಲೇ ಮೊದಲ ಪುಟದೊಳಗೆ ಹೋಗಿತ್ತು. ಮೊದಲ ಪುಟದ ಕುಪ್ಪಿಯೂ ಎರಡನೆಯದರೊಳಗೆ ಹೋಗಿ, ಅದನ್ನು ಚಾವಡಿಯ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದರು. ಓಡಿಹೋಗಿ ಕೇಳಿದೆ. ಹಿರಿಯರಾದ ಗುರುಪಾದಪ್ಪನವರು ನನ್ನನ್ನು ಬೈಯಲಿಲ್ಲ. ಪೆಟ್ಟಿಗೆಯನ್ನೇ ತೆರೆದು ತೋರಿಸಿದರು, ಖಾಲಿಯಿತ್ತು. ಎರಡನೆಯ ಪುಟದ ಕುಪ್ಪಿಗಳನ್ನು ಅದೇ ವಾರ ಮೂರನೆಯದಕ್ಕೆ ಏರಿಸಲು ನಾನೇ ಒಲೆಯ ಮೇಲಿಟ್ಟದ್ದು ಗಾಬರಿಯಲ್ಲಿ ಮರೆತುಹೋಗಿತ್ತು. ಒಲೆಯಲ್ಲಿರುವುದನ್ನು ನಡುವೆ ತೆಗೆದರೆ ಬೂದಿ.

ದ್ಯಾಮಣ್ಣ ಕವಚ ತೊಟ್ಟುಕೊಂಡೇ ಮನೆಯ ಬಾಗಿಲಲ್ಲಿ ನಿಂತಿದ್ದ. ಕೈ ಸೊಂಟದ ಮೇಲಿತ್ತು.

"ದ್ಯಾಮಣ್ಣಾ, ರಕ್ತ ನಿಲ್ಲವಲ್ದು. ಕುಪ್ಪಿ ಕೊಡು" ಎಂದೆ.

ಅವನು ನನ್ನ ಮುಖ ನೋಡಲಿಲ್ಲ. "ಗಾಳಿ ತಿರುಗಾಕತ್ತೈತಿ ಅಕ್ಕಾ. ಇವತ್ತ ಇದನ್ನ ತಗದು, ನಾಳೆ ನಾ ಬಿದ್ದರ ನನ್ನ ಹಿಂದ ಯಾರದಾರ?"

"ನಾಳಿದು ನಾಳೆ ನೋಡೂಣು. ಆಕಿ ಹೊಂಟಾಳ."

ಅವನು ಗಂಟು ಬಿಚ್ಚಿದ. ಕುಪ್ಪಿಯನ್ನು ಅಂಗೈಯಲ್ಲಿ ಹಿಡಿದ. ಓಣಿಯಲ್ಲಿ ನೆರೆಹೊರೆಯವರು ನಿಂತಿದ್ದರು. ಅವರಲ್ಲಿ ಒಬ್ಬರೂ ಕೊಡು ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಅವರೆಲ್ಲರ ಕೈಯಲ್ಲಿ ಮಕ್ಕಳಿದ್ದರು. ಅವನು ಆ ಮಕ್ಕಳನ್ನು ನೋಡಿದ. ನಾನು ಕೈ ಚಾಚಿ ಕಸಿದುಕೊಳ್ಳಬಹುದಿತ್ತು ಎಂದು ಈಗ ಅನ್ನಿಸುತ್ತದೆ, ಆದರೆ ಏಳು ಪುಟದ ಕವಚ ತೊಟ್ಟವನ ಕೈಯಿಂದ ಯಾರೂ ಏನನ್ನೂ ಕಸಿಯಲಾರರು. ಅವನು ಮತ್ತೆ ಗಂಟು ಹಾಕಿದ. ಒಳಗಿನಿಂದ ಕೆಂಚವ್ವನ ದನಿ ಬಂತು. ಆಗಲೇ ಅದು ದೂರದವರ ದನಿಯಂತಾಗಿತ್ತು.

"ಅಕ್ಕಾ, ಅವರಿಗೇನೂ ಅನಬ್ಯಾಡ್ರಿ. ಕೂಸಿನ್ನ ಬೆಚ್ಚಗ ಸುತ್ರಿ, ಥಂಡಿ ಆಗತೈತಿ."

ಸುತ್ತಲು ಕಂಬಳಿ ಎಲ್ಲಿತ್ತು. ನನ್ನ ಸೆರಗಿನಲ್ಲೇ ಸುತ್ತಿ ಎದೆಗೆ ಒತ್ತಿಕೊಂಡೆ. ಕೆಂಚವ್ವ ಹೊತ್ತು ಇಳಿಯುವ ಮೊದಲೇ ಹೋದಳು. ದ್ಯಾಮಣ್ಣ ಬಾಗಿಲ ಹೊರಗೆ ಕೂತೇ ಇದ್ದ. ಮಣ್ಣು ಮಾಡಿ ಬಂದ ಮೇಲೆ ಅವನು ಕೂಸನ್ನು ಎತ್ತಿಕೊಳ್ಳಲಿಲ್ಲ. ಕವಚದ ಅಂಚು ಒತ್ತುತ್ತದೆ ಎಂದ. ಬಿಚ್ಚಿ ಎತ್ತಿಕೊಳ್ಳಬಾರದೇ ಎಂದು ನಾನು ಕೇಳಲಿಲ್ಲ.

ಮುಂದಿನ ವಾರ ಅದು ಇಳಿಯಿತು. ನಾವು ಮಾಳಿಗೆಗಳ ಮೇಲೆ ನಿಂತು ನೋಡುತ್ತಿದ್ದೆವು. ಹಿಂದಿನ ಎರಡು ಸಲ ದ್ಯಾಮಣ್ಣ ಹಿಂದೆ ಸರಿಯುವುದು, ಬಗ್ಗುವುದು, ಉಸಿರು ತೆಗೆದುಕೊಳ್ಳುವುದು ಕಾಣುತ್ತಿತ್ತು. ಈ ಸಲ ಅವನು ಸರಿಯಲೇ ಇಲ್ಲ. ಮೂರನೆಯ ದಿನ ಅದು ಹಿಂದಿರುಗಿದಾಗ ಅವನು ಖಡ್ಗ ಊರಿಕೊಂಡು ಮಂಡಿಯ ಮೇಲೆ ಕೂತಿದ್ದ. ಎಲ್ಲರಿಗಿಂತ ಮೊದಲು ನಾನು ಓಡಿದೆ. ಕವಚ ಒಡೆದಿರಲಿಲ್ಲ, ಆದರೆ ಪಕ್ಕೆಯ ಹತ್ತಿರ ಕವಚ ಮುಗಿಯುವಲ್ಲಿ ಒಂದು ಕೈ ಹೋಗುವಷ್ಟು ಗಾಯ ಬಾಯಿ ತೆರೆದುಕೊಂಡಿತ್ತು. ಕುಪ್ಪಿಯ ಮುಚ್ಚಳಕ್ಕೆ ಕೈ ಹಾಕಿ, ಕುಡಿ, ಇದು ಇದಕ್ಕೇ ಇರುವುದು ಎಂದೆ. ಅವನು ನನ್ನ ಮಣಿಕಟ್ಟು ಹಿಡಿದುಕೊಂಡ. ಸಾಯುವವನ ಹಿಡಿತವಾಗಿರಲಿಲ್ಲ ಅದು.

"ಆಕಿಗೇ ಕೊಡಲಿಲ್ಲಲ್ಲಕ್ಕಾ" ಎಂದ. "ಈಗ ನಾ ಯಾವ ಬಾಯಿಲೆ ಕುಡೀಲಿ?"

ಊರಿನವರು ಬಂದು ಸೇರುವ ಹೊತ್ತಿಗೆ ಅವನ ಹಿಡಿತ ಸಡಿಲಾಗಿತ್ತು. ಅವರು ಎಂದಿನಂತೆ ಮೊದಲು ಸೊಂಟದ ಕುಪ್ಪಿಯನ್ನು ಬೆಳಕಿಗೆ ಹಿಡಿದು ನೋಡಿದರು. ಸೋರಿಲ್ಲ ಎಂದು ಯಾರೋ ಹೇಳಿದರು. ಆಮೇಲೆ ಅವನ ಕಣ್ಣು ಮುಚ್ಚಿದರು.

ಕೂಸಿಗೆ ಹೊನ್ನಿ ಎಂದು ಹೆಸರಿಟ್ಟೆ. ನನಗೆ ಮದುವೆಯಾಗಿ ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಓಣಿಯ ಬಾಣಂತಿಯರು ಸರದಿಯ ಮೇಲೆ ಹಾಲು ಕೊಟ್ಟರು. ಮುಂದೆ ಖಡ್ಗ ಹಿಡಿಯುವವನೆಂದು ಸೋಮನಿಂಗನನ್ನು ಆರಿಸಿದರು. ಗಾಳಿ ತಿರುಗಲು ಇನ್ನೂ ಬಹಳ ತಿಂಗಳುಗಳಿದ್ದವು. ಅಲ್ಲಿಯವರೆಗೆ ಕುಪ್ಪಿ ನನ್ನ ಮನೆಯ ಗೂಡಿನಲ್ಲಿರಲಿ ಎಂದರು. ಅದರ ಜೊತೆಗಿಡಲು ಏಳನೆಯ ಪುಟದ ಇನ್ನೊಂದಕ್ಕೆ ಏರಿಸುತ್ತಿರುವುದನ್ನು ನಿಲ್ಲಿಸಬೇಡ ಎಂದು ಗುರುಪಾದಪ್ಪನವರು ಹೇಳಿದರು. ಅದು ನನ್ನ ಕಾಲದಲ್ಲಿ ಮುಗಿಯುವುದಿಲ್ಲವಲ್ಲ ಎಂದೆ. ನಿನ್ನ ನಂತರದವರು ಮುಗಿಸುತ್ತಾರೆ ಎಂದರು. ಹೀಗೆ ಊರಿನ ಜ್ವರದ ಕಷಾಯವೆಲ್ಲ ಮೊದಲ ಪುಟಕ್ಕೆ ಹೋಗುತ್ತಲೇ ಇತ್ತು.

ಬೇಸಿಗೆಯ ಒಂದು ಮಧ್ಯಾಹ್ನ ಹೊನ್ನಿಗೆ ಜ್ವರ ಏರಿತು. ಮೊದಲು ಹಾಲು ಬಿಟ್ಟಳು, ಆಮೇಲೆ ಅಳುವುದನ್ನೂ ಬಿಟ್ಟಳು. ಒದ್ದೆ ಅರಿವೆ ಹಾಕಿದರೆ ಕ್ಷಣದಲ್ಲಿ ಒಣಗುತ್ತಿತ್ತು. ನೆತ್ತಿಯ ಮೆತ್ತಗಿನ ಜಾಗ ಒಳಗೆ ಕುಸಿದಿತ್ತು. ಔಷಧದವಳು ನಾನು, ಆ ಹೊತ್ತಿನ ಮುಂದೆ ಏನಿದೆ ಎಂದು ನನಗೆ ಗೊತ್ತಿತ್ತು. ಇಂಥ ಜ್ವರಕ್ಕೆ ಅಮೃತಬಳ್ಳಿಯ ಕಷಾಯದ ನಾಲ್ಕು ಹನಿ ಸಾಕು. ಆ ನಾಲ್ಕು ಹನಿ ಊರಿನ ಯಾವ ಮನೆಯಲ್ಲೂ ಇರಲಿಲ್ಲ, ಬಳ್ಳಿಯನ್ನೂ ಬುಡಸಹಿತ ಕಿತ್ತು ತಂದಿದ್ದೆವು. ಗೂಡಿನಲ್ಲಿ ಕುಪ್ಪಿ ಇತ್ತು.

ನಾನು ಹೆಚ್ಚು ಯೋಚಿಸಲಿಲ್ಲ. ಯೋಚಿಸಿದವರೆಲ್ಲ ಏನು ಮಾಡಿದರೆಂದು ನೋಡಿದ್ದೆ. ಮುಚ್ಚಳ ತೆಗೆದು, ಹಾಲೂಡಿಸುವ ಒಳಲೆಗೆ ಸುರಿದು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಒಂದೇ ಸಲಕ್ಕೆ ಎಲ್ಲವನ್ನೂ ಕುಡಿಸಿದೆ. ಅವಳು ನುಂಗಿದಳು. ಮೂಗಿನ ಹೊಳ್ಳೆ ಅರಳಿತು. ಮೈ ತಣ್ಣಗಾಯಿತು, ಕೆನ್ನೆಗೆ ಬಣ್ಣ ಬಂತು, ಕಣ್ಣು ತೆರೆದು ನನ್ನ ಮೂಗುತಿಯನ್ನು ಹಿಡಿಯಲು ಕೈ ಎತ್ತಿದಳು. ಆಗ ಮಾತ್ರ ನನಗೆ ಅಳು ಬಂತು. ಕೆಂಚವ್ವ ಹೋದಾಗಲೂ ದ್ಯಾಮಣ್ಣ ಹೋದಾಗಲೂ ಬಾರದ ಅಳು.

ಅವಳನ್ನು ಎತ್ತಿಕೊಂಡೇ ಚಾವಡಿಗೆ ಹೋಗಿ, ಖಾಲಿ ಕುಪ್ಪಿಯನ್ನು ಗುರುಪಾದಪ್ಪನವರ ಮುಂದಿಟ್ಟೆ. ಅವರು ಅದನ್ನು ಅಲ್ಲಾಡಿಸಿ ನೋಡಲಿಲ್ಲ. ಕೂಸಿನ ಕಡೆ ನೋಡಿ, "ಕೂಸು ಹೆಂಗೈತಿ?" ಎಂದರು.

"ಆರಾಮೈತ್ರಿ."

"ಹೂಂ" ಎಂದರು, ಅಷ್ಟೇ. ನನಗೆ ಶಿಕ್ಷೆ ಕೊಡಲಿಲ್ಲ. ಅದಾದ ಮೇಲೂ ಎಲ್ಲರೂ ನನ್ನನ್ನು ಮಾತಾಡಿಸುತ್ತಿದ್ದರು. ಹೊನ್ನಿಗೆ ಹಾಲು ಕೊಡುವ ಸರದಿಯನ್ನೂ ಯಾರೂ ತಪ್ಪಿಸಲಿಲ್ಲ.

ಗಾಳಿ ತಿರುಗಿತು. ಸೋಮನಿಂಗ ಸೊಂಟದಲ್ಲಿ ಏನೂ ಇಲ್ಲದೆ ಕಿಂಡಿಗೆ ಹೋದ. ಕುಪ್ಪಿ ಇದ್ದಾಗಲೂ ಯಾರೂ ಕುಡಿದವರಿಲ್ಲ, ಆದರೂ ಅದು ಅಲ್ಲಿ ಇದೆ ಎನ್ನುವುದರ ಮೇಲೆಯೇ ಅವರು ನಿಲ್ಲುತ್ತಿದ್ದರೆಂದು ಆ ದಿನ ನಮಗೆಲ್ಲ ಗೊತ್ತಾಯಿತು. ಸೋಮನಿಂಗನ ಕೈ ಮತ್ತೆ ಮತ್ತೆ ಸೊಂಟಕ್ಕೆ ಹೋಗುತ್ತಿತ್ತು. ಎರಡನೆಯ ದಿನವೇ ಅವನು ಬಿದ್ದ. ಅದು ಊರೊಳಗೆ ಬಂತು. ಕೆಳಗಿನ ಓಣಿ ಹೋಯಿತು. ಹೊನ್ನಿಗೆ ಹಾಲು ಕೊಟ್ಟ ಬಾಣಂತಿಯರಲ್ಲಿ ಇಬ್ಬರು ಅಲ್ಲಿಯವರು. ಅವರ ಮನೆಗಳಿದ್ದ ಜಾಗವನ್ನು ನಾನು ಇವತ್ತಿಗೂ ದಾಟುವುದಿಲ್ಲ, ಬಾವಿಗೆ ಸುತ್ತು ಹಾಕಿ ಹೋಗುತ್ತೇನೆ.

ಸೋಮನಿಂಗನ ಹೆಂಡತಿ ಯಲ್ಲವ್ವ ಬದುಕಿ ಉಳಿದಳು, ಒಬ್ಬ ಮಗನೂ ಉಳಿದ. ಚಳಿಗಾಲಕ್ಕೆ ಆ ಹುಡುಗನಿಗೆ ಎದೆ ಕಟ್ಟಿತು. ಅವಳು ನಮ್ಮ ಮನೆಗೆ ಬಂದು ಕಂಬಕ್ಕೆ ಒರಗಿ ನಿಂತಳು. ಜಗಳಕ್ಕೆ ಬಂದಳೆಂದುಕೊಂಡೆ. ಬಂದಿದ್ದರೆ ಚೆನ್ನಾಗಿತ್ತು.

"ಫಕೀರಕ್ಕಾ, ನಿಮ್ಮ ಹೊನ್ನೀದು ಬೆವರು ಒರಸಿದ ಅರಿವಿ ಇದ್ರ ಒಂದು ಕೊಡ್ರಿ" ಎಂದಳು. "ಏನರೆ ಇಳದಿರಬೇಕಲ್ಲ ಅದರಾಗ."

ನನಗೆ ಗೊತ್ತಿತ್ತು, ಅದರಲ್ಲಿ ಏನೂ ಇಳಿದಿರುವುದಿಲ್ಲ. ಆದರೂ ಕೊಟ್ಟೆ. ಅವಳು ಅದನ್ನು ಮಗನ ಎದೆಯ ಮೇಲೆ ಹಾಕಿ ಕೂತಳಂತೆ. ಅವನು ಹೋದ ಮೇಲೆ ಅರಿವೆಯನ್ನು ಒಗೆದು, ಒಣಗಿಸಿ, ಮಡಚಿ ತಂದುಕೊಟ್ಟಳು. ಕಟ್ಟೆಯ ಮೇಲಿಟ್ಟು ಹೋದಳು. ಆಮೇಲೆ ಬೇರೆಯವರೂ ಬರತೊಡಗಿದರು. ಜ್ವರದ ಮಕ್ಕಳನ್ನು ಎತ್ತಿಕೊಂಡು ಬಂದು ಹೊನ್ನಿಯ ಕೈಯನ್ನು ಅವುಗಳ ಹಣೆಗೆ ಮುಟ್ಟಿಸುತ್ತಿದ್ದರು. ಅವಳಿಗೆ ಅದು ಆಟ. ಹಣೆ ಸಿಕ್ಕಲ್ಲೆಲ್ಲ ತಾನೇ ಕೈ ಇಡುತ್ತಿದ್ದಳು. ಒಂದು ಮಗುವೂ ಅದರಿಂದ ಉಳಿಯಲಿಲ್ಲ.

ಹೊನ್ನಿ ಮಾತ್ರ ಬೆಳೆದಳು. ನೆಗಡಿ ಕೂಡ ಆಗಲಿಲ್ಲ. ಮುಳ್ಳು ಚುಚ್ಚಿದರೆ ನಾನು ತೆಗೆಯುವಷ್ಟರಲ್ಲಿ ತೂತು ಮುಚ್ಚಿರುತ್ತಿತ್ತು. ನನ್ನನ್ನು ಅವ್ವ ಎನ್ನುತ್ತಿದ್ದಳು. ತಾಯಿಯ ಹಾಗೆ ಬಾಯಿ ತುಂಬ ಮಾತು. ನಾನು ಅವಳನ್ನು ಆದಷ್ಟು ಮನೆಯೊಳಗೇ ಇಟ್ಟುಕೊಳ್ಳುತ್ತಿದ್ದೆ, ಆದರೆ ಹಾಲುಹಲ್ಲು ಬೀಳುವ ವಯಸ್ಸಿನ ಮಗುವನ್ನು ಎಷ್ಟೆಂದು ಕಟ್ಟಿಡುವುದು. ಒಂದು ದಿನ ಕುಲುಮೆಯ ಹತ್ತಿರ ಆಡುತ್ತಿದ್ದಾಗ, ಇಕ್ಕಳದಿಂದ ಜಾರಿದ ಕೆಂಪಗೆ ಕಾದ ಕಬ್ಬಿಣ ಅವಳ ಪಾದದ ಮೇಲೆ ಬಿತ್ತು. ಅಲ್ಲಿ ನಾಲ್ಕಾರು ಜನ ನಿಂತಿದ್ದರು. ಮೌನೇಶಪ್ಪ ಕಬ್ಬಿಣ ಎಳೆದು ನೋಡಿದರೆ ಪಾದದಲ್ಲಿ ಒಂದು ಬೊಬ್ಬೆಯೂ ಇರಲಿಲ್ಲ. ಆದರೆ ಅವಳು ಆ ಮಧ್ಯಾಹ್ನವಿಡೀ ಚೀರಿದಳು. ನಾನು ಅವಳನ್ನು ಹೊತ್ತುಕೊಂಡು ಮನೆಗೆ ಬಂದು, ತಣ್ಣೀರಿನಲ್ಲಿ ಆ ಪಾದ ಇಟ್ಟುಕೊಂಡು ಕೂತೆ. ತೊಳೆಯಲು ಗಾಯವಿರಲಿಲ್ಲ. ನೋವು ಇತ್ತು. ಔಷಧ ಗಾಯವನ್ನು ಮಾತ್ರ ತೆಗೆಯುತ್ತದೆ ಎಂದು ನನಗೆ ಆಗ ತಿಳಿಯಿತು. ಏಳು ಪುಟದ ಔಷಧ ಕುಡಿದವರು ಇವಳಿಗಿಂತ ಮೊದಲು ಯಾರೂ ಇರಲಿಲ್ಲವಲ್ಲ.

ಅಲ್ಲಿ ನಿಂತಿದ್ದವರು ಪಾದವನ್ನಷ್ಟೇ ನೋಡಿದ್ದರು. ಗುರುಪಾದಪ್ಪನವರಿಗೆ ಆಗ ತುಂಬ ವಯಸ್ಸಾಗಿತ್ತು. ಅವರನ್ನು ಊರಿನವರು ಹೊತ್ತು ತಂದು ನಮ್ಮ ಕಟ್ಟೆಯ ಮೇಲೆ ಕೂರಿಸಿದರು. ಹಿರಿಯರು ಸಿಟ್ಟಿಲ್ಲದ ದನಿಯಲ್ಲಿ ಮಾತಾಡಿದರು. ಕಿಂಡಿಗೆ ಹೋಗಲು ಊರಿನಲ್ಲಿ ಗಟ್ಟಿಯಾದ ಆಳು ಉಳಿದಿಲ್ಲ, ಹೋದವರು ಒಂದೆರಡು ವರ್ಷ ನಿಲ್ಲುವುದೂ ಕಷ್ಟವಾಗಿದೆ, ಔಷಧವಂತೂ ಇಲ್ಲ. ಇವಳಿಗೆ ಔಷಧವೇ ಬೇಕಾಗಿಲ್ಲ. ಇವಳು ಊರಿನ ಔಷಧ. ಈಗಲೇ ಅಲ್ಲ, ಖಡ್ಗ ಎತ್ತುವಷ್ಟು ತೋಳು ಬರಲಿ ಎಂದರು. ಅವಳಿಗೆ ನೋವಾಗುತ್ತದೆ ಎಂದೆ. ನೋವು ಯಾರಿಗೆ ಆಗುವುದಿಲ್ಲ ಎಂದು ಅವರು ಕೇಳಿದರು. ಅವರ ಮೊಮ್ಮಗನೂ ಹಿಂದಿನ ವರ್ಷ ಕಿಂಡಿಯಲ್ಲೇ ಹೋಗಿದ್ದ.

ಊರು ಬಿಟ್ಟು ಹೋಗೋಣವೆಂದರೆ, ಬಿಟ್ಟು ಹೋದವರ ಗತಿ ನಮಗೆಲ್ಲ ಗೊತ್ತು. ಬಯಲಿನಲ್ಲಿ ಅದು ಮೊದಲು ಅವರನ್ನೇ ಹುಡುಕುತ್ತದೆ. ಆದರೂ ಒಂದು ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊನ್ನಿಯ ಕೈ ಹಿಡಿದು ತೆಂಕಣ ಹೊಲಗಳ ತುದಿಯವರೆಗೆ ನಡೆದೆ. ಅಲ್ಲಿ ನಿಂತು ಆಲೋಚಿಸಿದೆ. ಅದು ನನ್ನನ್ನು ಕೊಲ್ಲುತ್ತದೆ, ಇವಳನ್ನು ಕೊಲ್ಲಲಾರದು. ಇವಳು ಖಡ್ಗವೂ ಇಲ್ಲದೆ, ಕವಚವೂ ಇಲ್ಲದೆ, ಒಬ್ಬಳೇ, ಅದರ ಕೈಯಲ್ಲಿ ಇರುತ್ತಾಳೆ. ಬುತ್ತಿಯನ್ನು ಅಲ್ಲೇ ಬಿಚ್ಚಿ ಇಬ್ಬರೂ ಉಂಡೆವು. ಅವಳು ಹೊಲದ ಬದುವಿನ ಮೇಲೆ ಕುಣಿದಳು. ಮನೆಗೆ ತಿರುಗಿ ಬಂದೆವು.

ಎರಡು ವರ್ಷ ಕಳೆದ ಮೇಲೆ, ಇನ್ನು ಕಾಯಲಾಗದು ಎಂದು ಚಾವಡಿಯಲ್ಲಿ ತೀರ್ಮಾನವಾದಾಗ, ಕೊನೆಗೆ ಮೌನೇಶಪ್ಪನ ಹತ್ತಿರ ಹೋದೆ. ಕವಚ ಇಷ್ಟು ಚಿಕ್ಕವಳಿಗೆ ಹೊಂದುವುದಿಲ್ಲ, ಕಡಿಮೆ ಮಾಡಲು ಬರುವುದಿಲ್ಲ ಎಂದು ಚಾವಡಿಯಲ್ಲಿ ಹೇಳು ಎಂದು ಬೇಡಿಕೊಂಡೆ. ಅವನು ಬೂದಿ ಕೆದಕುತ್ತ ಕೂತಿದ್ದ.

"ಹೇಳೇನಿ ತಂಗಿ. ಪುಟ ಏರದಿದ್ರೂ ಅರಿವಿ ಹಾಕಿ ಇನ್ನೊಮ್ಮೆ ಕಾಸಿದ್ರ ಮೈಗೆ ತಕ್ಕಂಗ ಕುಗ್ಗತೈತಿ ಅಂತ ಅವರಿಗೂ ಗೊತ್ತೈತಿ. ಊರಾಗ ಉಳದ ಅರಿವಿ ಎಲ್ಲಾ ಕೂಡಸಾಕ ಹತ್ಯಾರ."

ನಿಜವಾಗಿಯೂ ಕೂಡಿಸತೊಡಗಿದ್ದರು. ತೊಟ್ಟಿಲ ಬಟ್ಟೆ, ಜೋಳಿಗೆ, ಹಸೆಮಣೆಯ ಮೇಲೆ ಹಾಸುವ ಬಟ್ಟೆ, ಹೀಗೆ ಸಿಕ್ಕಿದ್ದನ್ನೆಲ್ಲ ಹೆಂಗಸರು ತಾವಾಗಿಯೇ ತಂದು ಕೊಡುತ್ತಿದ್ದರು. ಯಲ್ಲವ್ವ ತನ್ನ ಮಗನ ಅಂಗಿ ತಂದಳು. ಹೊನ್ನಿಗೆ ಬೆಚ್ಚಗಿರಲಿ ಎಂದು ನನ್ನ ಕೈಯಲ್ಲಿಟ್ಟಳು. ಅವಳು ಅದನ್ನು ನನ್ನನ್ನು ಚುಚ್ಚಲೆಂದು ಹೇಳಲಿಲ್ಲ. ಮನಸ್ಸಿನಿಂದಲೇ ಹೇಳಿದಳು, ಅದಕ್ಕೇ ನನಗೆ ತಡೆಯಲಾಗಲಿಲ್ಲ.

ನಿನ್ನೆ ಸಂಜೆ ಮೌನೇಶಪ್ಪ ದಾರದ ಉಂಡೆ ಹಿಡಿದು ಅಳತೆಗೆ ಬಂದ. ಹೊನ್ನಿ ಅಂಗಳದಲ್ಲಿ ತೋಳು ಚಾಚಿ ನಿಂತಳು. ದಾರ ಕಂಕುಳಿಗೆ ತಾಗಿದಾಗ ಕಚಗುಳಿಯಾಗಿ ನಕ್ಕಳು. ಎತ್ತರ ಅಳೆಯುವಾಗ ತುದಿಗಾಲಲ್ಲಿ ನಿಂತು ಮೋಸ ಮಾಡಿದಳು. ಅವನು ಅವಳ ಹೆಗಲು ಒತ್ತಿ ಹಿಮ್ಮಡಿ ನೆಲಕ್ಕೆ ತಾಗಿಸಿದ. ತನ್ನ ಅಪ್ಪ ತೊಟ್ಟದ್ದು ಇದೇ ಕವಚವೇ ಎಂದು ಕೇಳಿದಳು. ಹೌದು ಎಂದ. ಅಪ್ಪನಿಗೆ ಅದು ಚೆನ್ನಾಗಿ ಕಾಣುತ್ತಿತ್ತೇ ಎಂದಳು. ಚೆನ್ನಾಗಿ ಕಾಣುತ್ತಿತ್ತು ಎಂದ. ಆಮೇಲೆ ಅವಳು ನನ್ನ ಕಡೆ ತಿರುಗಿದಳು.

"ಅವ್ವಾ, ಕಿಂಡಿಯಿಂದ ಬರೂದು ಕಡೀತೈತೇನು?"

ನಾನು ಒಳಗಿನಿಂದ ಬೆಲ್ಲ ತಂದು ಅವಳ ಬಾಯಿಗಿಟ್ಟೆ. ಅವಳು ಅದನ್ನು ಚೀಪುತ್ತ ಉತ್ತರಕ್ಕೆ ಕಾದಳು, ಆಮೇಲೆ ಕಾಯುವುದನ್ನು ಮರೆತಳು. ಎದೆಯ ಸುತ್ತಳತೆಗೆ ದಾರದಲ್ಲಿ ಗಂಟು ಹಾಕುವಾಗ ಅವನು ಒಂದು ಗೇಣು ಹೆಚ್ಚಿಗೆ ಬಿಟ್ಟ. ಯಾಕೆ ಎಂದು ಕೇಳಿದೆ.

"ಬೆಳೀತಾಳಲ್ಲ" ಎಂದ ಮೌನೇಶಪ್ಪ. "ಈಕಿ ಭಾಳ ವರ್ಷ ನಿಂದರತಾಳ."